ಹದಿನಾಲ್ಕನೆಯ ಪ್ರಶ್ನೆ

ತನ್ನ ಬಲಗೈಯನ್ನು ನೋಡಬಾರದೆಂದು ಡಾಕ್ಟರ್ ಹಾರ್ಮೆನ್ ವೆಗ್ಟರ್ ನಿರ್ಧರಿಸಿ ಹನ್ನೊಂದು ದಿನಗಳಾಗಿದ್ದವು; ಆ ಹನ್ನೊಂದು ದಿನಗಳಲ್ಲಿ ಅವನು ಬೇರೆ ಏನನ್ನೂ ಸರಿಯಾಗಿ ನೋಡಿರಲಿಲ್ಲ. ಈಗಲೂ ಅಷ್ಟೇ. ಎದುರಿಗೆ ಮಂಚದ ಮೇಲೆ ಸಕ್ಕರೆ ಕಾಯಿಲೆಯ ಮುದುಕನೊಬ್ಬ ಪ್ಯಾಂಟು ಮಡಿಸಿಕೊಂಡು ಮಲಗಿದ್ದ. ಅವನ ಕಾಲಿನ ಸ್ನಾಯುವಿಗೆ ಸೂಜಿ ಚುಚ್ಚಿ, ಪರದೆಯ ಮೇಲೆ ಓಡುವ ಗೆರೆಯನ್ನು ಗಮನಿಸುವ ನೆಪದಲ್ಲಿ ವೆಗ್ಟರ್ ತನ್ನ ಹೆಬ್ಬೆರಳು ಮತ್ತು ತೋರುಬೆರಳಿನ ನಡುವಿನ ಮಾಂಸದತ್ತ ಕಣ್ಣು ಜಾರಿಸುತ್ತಿದ್ದ. ಅಲ್ಲಿ ಮೊದಲು ಉಬ್ಬಿತ್ತು, ಈಗ ತಗ್ಗಾಗಿತ್ತು. ತಗ್ಗಿನ ಅಂಚಿನಲ್ಲಿ ಚರ್ಮದಡಿ ಏನೋ ಪಟಪಟ ಅದುರಿ ಸುಮ್ಮನಾಗುತ್ತಿತ್ತು. "ಸ್ವಲ್ಪ ಚುಚ್ಚುತ್ತೆ ಅಷ್ಟೆ" ಎಂದು ಅವನು ಇಪ್ಪತ್ತೆರಡು ವರ್ಷಗಳಿಂದ ಹೇಳುತ್ತ ಬಂದಿದ್ದ ಮಾತನ್ನು ಈ ಮುದುಕನಿಗೂ ಹೇಳಿದ್ದ. ಮುದುಕ ಹಲ್ಲು ಕಚ್ಚಿಕೊಂಡು, "ಡಾಕ್ಟ್ರೇ, ಇದೇ ಸ್ವಲ್ಪ ಅಂದ್ರೆ ನಿಮ್ ಲೆಕ್ಕದಲ್ಲಿ ಜಾಸ್ತಿ ಅಂದ್ರೆ ಎಷ್ಟು?" ಎಂದು ಕೇಳಿದ. ವೆಗ್ಟರ್ ನಗಲಿಲ್ಲ. "ಮಾತಾಡ್ಬೇಡಿ, ಸಿಗ್ನಲ್ ಕೆಡುತ್ತೆ" ಎಂದ. ಅದೂ ಅವನ ಹಳೆಯ ಮಾತೇ. ರೋಗಿಗಳು ಬಾಯಿ ಬಿಟ್ಟರೆ ಸ್ನಾಯು ಬಿಗಿಯುತ್ತದೆ, ಪರದೆಯ ತುಂಬ ಗದ್ದಲವಾಗುತ್ತದೆ ಎನ್ನುವುದು ಅರ್ಧ ಸತ್ಯ. ಅವರ ಮಾತು ಕೇಳಿ ಅವನಿಗೆ ಬೇಸರವಾಗಿತ್ತು ಎನ್ನುವುದು ಉಳಿದ ಅರ್ಧ.

ಅವತ್ತು ಅವನ ಹುಟ್ಟುಹಬ್ಬ ಬೇರೆ. ಐವತ್ತನಾಲ್ಕು ತುಂಬಿತ್ತು. ಈ ಊರಿನಲ್ಲಿ ಹುಟ್ಟಿದ ತಪ್ಪಿಗೆ ಹುಟ್ಟಿದವನೇ ಕೇಕು ತಂದು ಎಲ್ಲರಿಗೂ ಕೊಯ್ದು ಕೊಡಬೇಕು. ಹತ್ತು ಗಂಟೆಗೆ ಕಾಫಿಯ ಕೋಣೆಯಲ್ಲಿ ಕುರ್ಚಿಗಳನ್ನು ವೃತ್ತಾಕಾರವಾಗಿ ಹಾಕಿ ಇಡೀ ವಿಭಾಗ ಕೂತಿತ್ತು. ಒಬ್ಬೊಬ್ಬರೂ ಎದ್ದು ಅವನ ಕೈ ಕುಲುಕಿ ಅಭಿನಂದಿಸಿದರು. ಆಮೇಲೆ ಅವನು ಹುಟ್ಟಿದ್ದಕ್ಕಾಗಿ ತಮ್ಮತಮ್ಮಲ್ಲೇ ಕೈ ಕುಲುಕಿಕೊಂಡು ಅಭಿನಂದಿಸಿಕೊಂಡರು. ಹದಿಮೂರು ಜನ ಕೈ ಕುಲುಕಿದಾಗಲೂ ವೆಗ್ಟರ್ ಬೆರಳುಗಳನ್ನು ಮುಂಚೆಯೇ ಗಟ್ಟಿ ಮಾಡಿಕೊಂಡು, ಹಿಡಿತ ಸಡಿಲವೆಂದು ಯಾರಿಗೂ ಗೊತ್ತಾಗದ ಹಾಗೆ ನೋಡಿಕೊಂಡ. ಆದರೆ ಸೇಬಿನ ಕೇಕಿನ ಮೇಲಿನ ಗಟ್ಟಿ ಪದರ ಅಷ್ಟು ಸಭ್ಯವಾಗಿರಲಿಲ್ಲ. ಚಾಕುವನ್ನು ಹೆಬ್ಬೆರಳಿನಿಂದ ಒತ್ತಿ ಹಿಡಿಯಲು ಹೋದರೆ ಅದು ಮಗ್ಗುಲಾಗಿ ತಿರುಗಿತು. ಎರಡನೆಯ ಸಲವೂ ತಿರುಗಿತು. ಅವನು ಸರಕ್ಕನೆ ಎಡಗೈಗೆ ಬದಲಾಯಿಸಿ ಕೊಯ್ದ. ಒಂದು ತುಂಡು ಇಟ್ಟಿಗೆಯಷ್ಟು ದಪ್ಪ, ಇನ್ನೊಂದು ಕಾಗದದಷ್ಟು ತೆಳು. "ಡಾಕ್ಟ್ರಿಗೆ ಯಾರ್ ಮೇಲೆ ಪ್ರೀತಿ ಅಂತ ಇವತ್ತು ಗೊತ್ತಾಯ್ತು" ಎಂದು ಯಾರೋ ಅಂದರು, ಎಲ್ಲರೂ ನಕ್ಕರು. ನಗದೆ ಇದ್ದವಳು ಯಿಟ್ಸ್ಕೆ ಒಬ್ಬಳೇ. ಅವಳು ಮೂವತ್ತನಾಲ್ಕು ವರ್ಷಗಳಿಂದ ಇಲ್ಲಿ ನರಗಳಿಗೆ ಷಾಕು ಕೊಟ್ಟು ಅಳೆಯುವ ಕೆಲಸದವಳು. ವೆಗ್ಟರ್ ಬರುವುದಕ್ಕೂ ಮುಂಚಿನವಳು. ತನ್ನ ಪಾಲಿನ ತೆಳು ತುಂಡನ್ನು ತಟ್ಟೆಯಲ್ಲಿಟ್ಟುಕೊಂಡು ಅವಳು ಕೇಕನ್ನು ನೋಡುತ್ತಿರಲಿಲ್ಲ, ಚಾಕು ಬಿಟ್ಟ ಕೈಯನ್ನು ನೋಡುತ್ತಿದ್ದಳು.

ಅದು. ಆ ರೋಗಕ್ಕೆ ಹೆಸರಿತ್ತು, ಅವನು ದಿನಕ್ಕೆರಡು ಸಲ ವರದಿಗಳಲ್ಲಿ ಟೈಪು ಮಾಡುತ್ತಿದ್ದ ಹೆಸರು; ಆದರೆ ಹನ್ನೊಂದು ದಿನಗಳಿಂದ ತಲೆಯೊಳಗೆ ಅವನು ಅದನ್ನು ಬರೀ 'ಅದು' ಎಂದೇ ಕರೆಯುತ್ತಿದ್ದ. ಬೆನ್ನುಹುರಿಯ ಒಳಗಿನ ಕೋಶಗಳು ಒಂದೊಂದಾಗಿ ಸಾಯುತ್ತವೆ. ಮೊದಲು ಕೈ ಸವೆಯುತ್ತದೆ, ನೋವಿಲ್ಲ, ಜೋಮಿಲ್ಲ, ಬರೀ ನಿಶ್ಶಕ್ತಿ. ಆಮೇಲೆ ಕಾಲು, ನಾಲಿಗೆ, ಕಡೆಗೆ ಉಸಿರು. ಅವನಿಗೆ ನೋವಿರಲಿಲ್ಲ. ಜೋಮಿರಲಿಲ್ಲ. ಬೆಳಗಿನ ಜಾವ ಸ್ನಾನದ ಕೋಣೆಯ ಕನ್ನಡಿಯ ಮುಂದೆ ನಾಲಿಗೆ ಚಾಚಿ, ಅದು ಅದುರುತ್ತಿದೆಯೇ ಎಂದು ನೋಡುತ್ತ ನಿಂತಿದ್ದಾಗ ಹೆಂಡತಿ ಮಾರ್ಲೇನ್ ಬಾಗಿಲು ತೆರೆದು, "ಇದೇನು, ಐವತ್ನಾಲ್ಕಕ್ಕೆ ನಾಲಿಗೆ ಚಾಚಿ ಅಣಕಿಸೋ ಆಟ?" ಎಂದು ಕೇಳಿ ಹಲ್ಲುಜ್ಜಲು ಶುರುಮಾಡಿದ್ದಳು. ಅವಳಿಗೆ ಹೇಳಬೇಕಾಗಿತ್ತು. ಹೇಳುವ ಬದಲು ಅವನು ಸೈಕಲ್ ಹೊರಗೆ ತಂದು ಹತ್ತಿಬಿಟ್ಟ. ಕಳೆದ ವಸಂತದಲ್ಲಿ ಹೊಟ್ಟೆ ಕರಗಿಸಲೆಂದು ಕೊಂಡ ತೆಳ್ಳನೆಯ ಚಕ್ರದ ಸೈಕಲ್ ಅದು, ಹಿಡಿಕೆ ಸೀಟಿಗಿಂತ ತಗ್ಗಿನಲ್ಲಿದೆ; ವಿನ್ಸುಮ್ ಊರಿನಿಂದ ಆಸ್ಪತ್ರೆಗೆ ಹದಿನೈದು ಕಿಲೋಮೀಟರು, ಕಾಲುವೆಯ ದಂಡೆಯುದ್ದಕ್ಕೂ ಬಯಲು, ಹೋಗುವಾಗಲೂ ಎದುರುಗಾಳಿ, ಬರುವಾಗಲೂ ಅದು ಹೇಗೋ ಎದುರುಗಾಳಿಯೇ. ತಲೆ ತಗ್ಗಿಸಿ, ಇಡೀ ಮೈಭಾರವನ್ನು ಎರಡು ಅಂಗೈಗಳ ಮೇಲೆ ಹಾಕಿ ತುಳಿಯುವಾಗ ಮಾತ್ರ ಅವನಿಗೆ ಈ ಹನ್ನೊಂದು ದಿನಗಳಲ್ಲಿ ಸ್ವಲ್ಪ ನೆಮ್ಮದಿ ಸಿಕ್ಕಿತ್ತು. ಕಾಲು ಇನ್ನೂ ಗಟ್ಟಿಯಿದೆ ಎಂದು ಪ್ರತಿ ಸೇತುವೆಯ ಏರಿನಲ್ಲೂ ಲೆಕ್ಕ ಹಾಕಿಕೊಳ್ಳುತ್ತಿದ್ದ.

ಹನ್ನೆರಡೂವರೆಗೆ ಅವನು ಪರೀಕ್ಷೆಯ ಕೋಣೆಯಲ್ಲೇ ಬ್ರೆಡ್ಡು ಚೀಸಿನ ಡಬ್ಬಿ ತೆರೆಯುವಷ್ಟರಲ್ಲಿ ಯಿಟ್ಸ್ಕೆ ಒಳಗೆ ಬಂದು ಬಾಗಿಲು ಹಾಕಿದಳು.

"ಎಷ್ಟು ದಿನದಿಂದ?"

"ಏನು ಎಷ್ಟು ದಿನದಿಂದ?"

"ಹಾರ್ಮೆನ್, ನಾನು ಕೈ ನೋಡೋದು ನೀನು ಓದು ಮುಗಿಸೋಕಿಂತ ಮೊದಲಿಂದ. ನಾಟಕ ಬೇಡ. ತೋರ್ಸು."

ಅವನು ತೋರಿಸಿದ. ತೋರಿಸಿದ ಮರುಗಳಿಗೆಯೇ ಅವನಿಗೆ ಅಳು ಬಂದ ಹಾಗಾಯಿತು. ಹನ್ನೊಂದು ದಿನ ಮುಷ್ಟಿಯಲ್ಲಿ ಮುಚ್ಚಿಟ್ಟುಕೊಂಡಿದ್ದನ್ನು ಒಬ್ಬರು ಸುಮ್ಮನೆ ಬಿಡಿಸಿ ನೋಡಿದ್ದರು. ಯಿಟ್ಸ್ಕೆ ಬಕೆಟ್ಟಿನಲ್ಲಿ ಬೆಚ್ಚಗಿನ ನೀರು ತಂದಿಟ್ಟು, "ಕೈ ಹಾಕು. ಮಂಜುಗಡ್ಡೆ ಆಗಿದೆ. ಗವುಸು ಹಾಕ್ಕೊಂಡ್ ಬನ್ನಿ ಅಂತ ಊರಿಗೆಲ್ಲ ಬೈತೀಯ" ಎಂದಳು. ತಣ್ಣಗಿನ ಕೈಯಲ್ಲಿ ನರ ನಿಧಾನವಾಗಿ ಓಡುತ್ತದೆ, ಅಳತೆ ಸುಳ್ಳು ಹೇಳುತ್ತದೆ. ಅವನು ಶಾಲೆಯ ಹುಡುಗನ ಹಾಗೆ ಬಕೆಟ್ಟಿನಲ್ಲಿ ಕೈಯಿಟ್ಟುಕೊಂಡು ಕೂತ. ಅವಳು ಅವನ ತೊಡೆಯ ಮೇಲೆ ಒಂದು ರಟ್ಟು, ರಟ್ಟಿನ ಮೇಲೆ ಒಂದು ಹಾಳೆ, ಹಾಳೆಯ ಮೇಲೆ ಒಂದು ಪೆನ್ನು ಇಟ್ಟಳು.

"ಇದೇನು?"

"ರೋಗಿ ತುಂಬೋ ಹಾಳೆ. ಹಾಳೆ ಇಲ್ದೆ ಯಂತ್ರ ಶುರು ಮಾಡೋ ಹಾಗಿಲ್ಲ. ಈ ನಿಯಮ ಬರ್ದಿದ್ದು ಯಾರು ಅಂತ ನೆನಪಿದ್ಯಾ?"

"ಯಿಟ್ಸ್ಕೆ, ನಾನು ರೋಗಿ ಅಲ್ಲ."

"ಅಲ್ದಿದ್ರೆ ಊಟ ಮಾಡೋಗು."

ಅವನು ಎಡಗೈಯಲ್ಲಿ ವಕ್ರವಕ್ರವಾಗಿ ತುಂಬಲು ಶುರುಮಾಡಿದ. ಹೆಸರು, ಹುಟ್ಟಿದ ದಿನ, ಇವತ್ತಿನ ದಿನ. ಎರಡೂ ಕಡೆ ಒಂದೇ ತಾರೀಕು ಬರೆಯುವಾಗ ಕೈ ಒಂದು ಕ್ಷಣ ನಿಂತಿತು. ಹಾಳೆ ಹಳೆಯದು, ಎರಡು ವರ್ಷದ ಹಿಂದಿನದು. ಅಂಚು ಹಳದಿಯಾಗಿತ್ತು. ಹೊಸದು ಮುಗಿದಿದೆ ಎಂದಳು ಯಿಟ್ಸ್ಕೆ. ಮುಗಿದಿರಲಿಕ್ಕಿಲ್ಲ ಎಂದು ಅವನಿಗೆ ಗೊತ್ತಿತ್ತು. ಆ ಹಳೆಯ ಹಾಳೆಗಳನ್ನು ಕಸಕ್ಕೆ ಹಾಕಲು ಮನಸ್ಸು ಬಾರದೆ ಅವಳು ನಾನೂರು ಹಾಳೆ ಕಪಾಟಿನಲ್ಲಿಟ್ಟುಕೊಂಡು, ಹಿಂಬದಿಯಲ್ಲಿ ಎರಡು ವರ್ಷದಿಂದ ತರಕಾರಿಯ ಪಟ್ಟಿ ಬರೆಯುತ್ತಿದ್ದಳು. ಹದಿನಾಲ್ಕನೆಯ ಪ್ರಶ್ನೆ ಬಂದಾಗ ವೆಗ್ಟರ್‌ಗೆ ಅಂಥ ಹೊತ್ತಿನಲ್ಲೂ ತುಟಿಯಂಚಿನಲ್ಲಿ ನಗು ಬಂತು. 'ಸೈಕಲ್ ತುಳಿಯುತ್ತೀರಾ? ವಾರಕ್ಕೆ ಎಷ್ಟು ಹೊತ್ತು?' ಇದನ್ನು ತೆಗೆಸಿದ್ದು ಅವನೇ. ಹಾಳೆಯನ್ನು ಚಿಕ್ಕದು ಮಾಡುವ ಸಭೆಯಲ್ಲಿ ಅವನು ಎದ್ದು ನಿಂತು, "ಈ ದೇಶದಲ್ಲಿ ಸೈಕಲ್ ತುಳೀತೀರಾ ಅಂತ ಕೇಳೋದೂ, ಉಸಿರಾಡ್ತೀರಾ ಅಂತ ಕೇಳೋದೂ ಒಂದೇ. ಎಲ್ರೂ ಹೌದು ಅಂತಾರೆ. ಎಲ್ರೂ ಹೌದು ಅನ್ನೋ ಪ್ರಶ್ನೆ ಪ್ರಶ್ನೆನೇ ಅಲ್ಲ" ಎಂದಾಗ ಇಡೀ ಸಭೆ ನಕ್ಕು ಚಪ್ಪಾಳೆ ತಟ್ಟಿತ್ತು. ಅವತ್ತೂ ಯಿಟ್ಸ್ಕೆ ನಕ್ಕಿರಲಿಲ್ಲ, ಈಗ ನೆನಪಾಗುತ್ತದೆ. ಅವಳು ಏನೋ ಹೇಳಲು ಕೈಯೆತ್ತಿದ್ದಳು, ಅಷ್ಟರಲ್ಲಿ ಕಾಫಿ ಬಂದಿತ್ತು. ಅವನು ಹದಿನಾಲ್ಕನ್ನು ಖಾಲಿ ಬಿಟ್ಟು ಹದಿನೈದಕ್ಕೆ ಹೋದ.

ಮೊದಲ ಷಾಕು ಮೊಣಕೈಯಲ್ಲಿ ಬಿದ್ದಾಗ ವೆಗ್ಟರ್ ಮಂಚದ ಮೇಲೆ ಒಂದು ಗೇಣು ಹಾರಿದ. "ಸಡಿಲ ಬಿಡು, ಇನ್ನೂ ಶುರುನೇ ಆಗಿಲ್ಲ" ಎಂದಳು ಯಿಟ್ಸ್ಕೆ, ಅವನದೇ ಧಾಟಿಯಲ್ಲಿ. ಅವಳು ಎಲ್ಲರಿಗೂ ಮಾಡುವ ಹಾಗೆ ಕ್ರಮವಾಗಿ ಮಾಡಿದಳು: ಕಿರುಬೆರಳಿನ ಸ್ಪರ್ಶದ ನರ, ಸರಿ. ಕಿರುಬೆರಳಿನ ಬುಡದ ಸ್ನಾಯುವಿಗೆ ಹೋಗುವ ನರ, ಸರಿ. ಪ್ರತಿ 'ಸರಿ'ಗೂ ಬೇರೆ ಯಾರಾದರೂ ಆಗಿದ್ದರೆ ಖುಷಿಪಡುತ್ತಿದ್ದರು. ವೆಗ್ಟರ್ ಮಾತ್ರ ಇನ್ನಷ್ಟು ಬಿಳಿಚಿಕೊಂಡ. ನರ ಎಲ್ಲೋ ಒತ್ತಿಕೊಂಡಿದ್ದರೆ ಬೆರಳಿಗೆ ಜೋಮು ಇರಬೇಕಿತ್ತು, ಅಳತೆ ಕೆಡಬೇಕಿತ್ತು. ಸ್ಪರ್ಶ ಸರಿಯಿದ್ದು ಸ್ನಾಯು ಮಾತ್ರ ಸಾಯುತ್ತಿದ್ದರೆ ಅದಕ್ಕೆ ಅರ್ಥ ಒಂದೇ. ಅವನು ಸೂಜಿ ಕೇಳಿದ. "ಸೂಜಿ ನನ್ ಕೆಲಸ ಅಲ್ಲ, ಡಾಕ್ಟ್ರ ಕೆಲಸ" ಎಂದು ಅವಳು ಕೈಕಟ್ಟಿ ನಿಂತಳು. ಹಾಗಾಗಿ ಅವನು ಎಡಗೈಯಿಂದ, ತಾನೇ, ಹೆಬ್ಬೆರಳಿನ ಮಗ್ಗುಲಿನ ಆ ತಗ್ಗಿಗೆ ಚುಚ್ಚಿಕೊಂಡ. ಚುಚ್ಚಿಕೊಂಡವನು 'ಅಯ್ಯಯ್ಯೋ' ಎಂದು ಕೂಗಿದ. ಇಪ್ಪತ್ತೆರಡು ವರ್ಷ ಸಾವಿರಾರು ಜನರಿಗೆ 'ಸ್ವಲ್ಪ' ಎಂದಿದ್ದು ಇದನ್ನೇ. ಯಂತ್ರದ ಸ್ಪೀಕರಿನಿಂದ ಸದ್ದು ಬಂತು: ಕಾದ ಎಣ್ಣೆಗೆ ಹಾಕಿದ ಸಾಸಿವೆ ಸಿಡಿಯುವ ಸದ್ದು. ಆರೋಗ್ಯವಂತ ಸ್ನಾಯು ಸುಮ್ಮನಿದ್ದಾಗ ಸುಮ್ಮನಿರುತ್ತದೆ. ನರದ ಸಂಪರ್ಕ ತಪ್ಪಿದ ಸ್ನಾಯು ಮಾತ್ರ ಹೀಗೆ ಒಳಗೊಳಗೇ ಸಿಡಿಯುತ್ತದೆ. ಅವನು ಕಣ್ಣು ಮುಚ್ಚಿದ.

ಕಣ್ಣು ಮುಚ್ಚಿದ ಅರೆನಿಮಿಷದಲ್ಲಿ ಅವನು ತನ್ನ ಅಂತ್ಯಕ್ರಿಯೆಯನ್ನೇ ಮುಗಿಸಿಬಿಟ್ಟ. ವಿನ್ಸುಮ್‌ನ ಚಿಕ್ಕ ಇಗರ್ಜಿ, ಕೊನೆಗೆ ಕಾಫಿ, ಜೊತೆಗೆ ಒಬ್ಬರಿಗೆ ಒಂದೇ ತುಂಡು ಸಾದಾ ಕೇಕು. ವಿಭಾಗದ ಹದಿಮೂರು ಜನ ಮತ್ತೆ ವೃತ್ತಾಕಾರವಾಗಿ ಕೂತು, ಈ ಸಲ ಪರಸ್ಪರ ಸಂತಾಪ ಹೇಳಿಕೊಳ್ಳುತ್ತಾರೆ. ಆ ವೃತ್ತದ ಆಚೆ, ಕರೆಯದಿದ್ದರೂ, ಒಬ್ಬಳು ನಿಂತಿದ್ದಳು. ಹಿಲ್ಲಿ ಬೋಸ್ಕರ್. ಒಂಬತ್ತು ವಾರದ ಹಿಂದೆ ಇದೇ ಮಂಚದ ಮೇಲೆ ಮಲಗಿದ್ದವಳು, ಐವತ್ತರ ಆಸುಪಾಸಿನ ಹೆಂಗಸು, ಎರಡೂ ಕೈಗಳಲ್ಲಿ ಇಂಥದೇ ತಗ್ಗು, ಇಂಥದೇ ಸದ್ದು. ಅವಳು ಬಾಯಿ ತೆರೆದು, "ಡಾಕ್ಟ್ರೇ, ನಾನು ದಿನಾ..." ಎಂದಿದ್ದಳು. ಮಾತಾಡ್ಬೇಡಿ, ಸಿಗ್ನಲ್ ಕೆಡುತ್ತೆ. ಪರೀಕ್ಷೆ ಮುಗಿದ ಮೇಲೆ ಅವಳು ತಾನಾಗಿಯೇ ಕೇಳಿದ್ದಳು, ಅವನು ತಾನಾಗಿಯೇ ಹೇಳಿದ್ದ. ರೋಗಿಯಿಂದ ಏನನ್ನೂ ಮುಚ್ಚಿಡಬಾರದು ಎನ್ನುವುದು ಇಲ್ಲಿನವರ ಹೆಮ್ಮೆ, ಅವನ ಹೆಮ್ಮೆ ಅದಕ್ಕಿಂತ ಒಂದು ಕೈ ಮೇಲು. "ಅದನ್ನ ತಳ್ಳಿಹಾಕೋಕಾಗಲ್ಲ" ಎಂದಿದ್ದ. ಅದು ಅಂದರೆ? ಹೆಸರು ಹೇಳಿದ್ದ. ಎಷ್ಟು ವರ್ಷ? ಸರಾಸರಿ ಹೇಳಿದ್ದ. ಹನ್ನೆರಡು ವಾರ ಬಿಟ್ಟು ಇನ್ನೊಮ್ಮೆ ನೋಡೋಣ ಎಂದು ಹೇಳಿ, ಅವಳು ಬಲವಿಲ್ಲದ ಬೆರಳುಗಳಿಂದ ಗುಂಡಿ ಹಾಕಿಕೊಳ್ಳುವುದನ್ನು ನೋಡಲಾರದೆ ಗಡಿಯಾರ ನೋಡಿದ್ದ. ತಾನು ಹೇಳಿ, ವರದಿಯಲ್ಲೂ ಬರೆದ ಆ ಮಾತು, 'ತಳ್ಳಿಹಾಕಲಾಗದು', ಎಷ್ಟು ಭಾರದ್ದೆಂದು ಅವನಿಗೆ ಹನ್ನೊಂದು ದಿನಗಳಿಂದ ಮಾತ್ರ ಗೊತ್ತು.

"ಹದಿನಾಲ್ಕು ಖಾಲಿ ಇದೆ" ಎಂದಳು ಯಿಟ್ಸ್ಕೆ.

"ಏನು?"

"ಹದಿನಾಲ್ಕನೇ ಪ್ರಶ್ನೆ. ತುಂಬಿಲ್ಲ ನೀನು."

"ಯಿಟ್ಸ್ಕೆ, ನಾನು ಸಾಯ್ತಾ ಇದ್ದೀನಿ. ನಿನಗೆ ಹಾಳೆ ಚಿಂತೆ."

"ಸಾಯೋದಿದ್ರೂ ತುಂಬಿ ಸಾಯಿ. ಸೈಕಲ್ ತುಳಿತೀಯಾ?"

"ನೀನೇ ದಿನಾ ನೋಡ್ತೀಯಲ್ಲ! ಹೋಗೋಕೆ ಹದಿನೈದು, ಬರೋಕೆ ಹದಿನೈದು, ವಾರಕ್ಕೆ ಐದು ದಿನ, ಆ ತಗ್ಗು ಹಿಡಿಕೆ ಮೇಲೆ..."

ಅವನ ಮಾತು ಅಲ್ಲೇ ನಿಂತಿತು. ಅಂಗೈಯ ಬುಡದಲ್ಲಿ, ಕಿರುಬೆರಳಿನ ಕಡೆಯಿಂದ ಒಂದು ನರದ ಕವಲು ಒಳಗೆ ತಿರುಗಿ ಹೆಬ್ಬೆರಳಿನ ಮಗ್ಗುಲಿಗೆ ಹೋಗುತ್ತದೆ. ಆ ಕವಲಿಗೆ ಸ್ಪರ್ಶದ ಗೊಡವೆಯಿಲ್ಲ, ಅದರ ಕೆಲಸ ಸ್ನಾಯು ಆಡಿಸುವುದಷ್ಟೆ. ಅದರ ಮೇಲೆ ದಿನಾ ಮೂವತ್ತು ಕಿಲೋಮೀಟರು ಮೈಭಾರ ಹಾಕಿ ಕೂತರೆ ಜೋಮು ಬರುವುದಿಲ್ಲ, ನೋವು ಬರುವುದಿಲ್ಲ, ಮಾಂಸ ಮಾತ್ರ ಸವೆಯುತ್ತದೆ. ಇದನ್ನು ಅವನು ಪ್ರತಿ ವರ್ಷ ಮಾರ್ಚಿನಲ್ಲಿ ವಿದ್ಯಾರ್ಥಿಗಳಿಗೆ ಪಾಠ ಮಾಡುತ್ತಿದ್ದ. ಚಿತ್ರವೂ ಇತ್ತು, ಸೈಕಲ್ ಹಿಡಿಕೆಯ ಮೇಲೆ ಅಂಗೈಯಿಟ್ಟ ಚಿತ್ರ. ಯಿಟ್ಸ್ಕೆ ಆಗಲೇ ಯಂತ್ರಕ್ಕೆ ಅಳತೆ ಕಳಿಸುವ ಅಂಟುಪಟ್ಟಿಯನ್ನು ಕಿರುಬೆರಳಿನಿಂದ ಕಿತ್ತು ಹೆಬ್ಬೆರಳಿನ ಮಗ್ಗುಲಿಗೆ ಅಂಟಿಸುತ್ತಿದ್ದಳು. ಮಣಿಕಟ್ಟಿನಲ್ಲಿ ಷಾಕು ಬಿತ್ತು. ಗೆರೆ ಎದ್ದಿತು, ತಡವಾಗಿ, ಸೋಮಾರಿಯಾಗಿ. ಅವಳು ಷಾಕಿನ ಕಡ್ಡಿಯನ್ನು ಅಂಗೈಯ ನಡುವಿಗೆ, ಒತ್ತುವ ಜಾಗವನ್ನು ದಾಟಿಸಿ ಇಟ್ಟು ಇನ್ನೊಂದು ಕೊಟ್ಟಳು. ಗೆರೆ ಚಟಕ್ಕನೆ ಎದ್ದಿತು. ಎಡವಟ್ಟು ಆ ಎರಡು ಜಾಗಗಳ ನಡುವಿನ ಎರಡು ಇಂಚಿನಲ್ಲಿತ್ತು, ಬೆನ್ನುಹುರಿಯಲ್ಲಿ ಅಲ್ಲ. ಸೂಜಿಯನ್ನು ಕಿರುಬೆರಳಿನ ಬುಡಕ್ಕೆ ಚುಚ್ಚಿ ನೋಡಿದ, ಸುಮ್ಮನಿತ್ತು. ಮುಂಗೈಗೆ ಚುಚ್ಚಿ ನೋಡಿದ, ಸುಮ್ಮನಿತ್ತು. ಭುಜಕ್ಕೂ ಚುಚ್ಚಿಕೊಳ್ಳಲು ಹೊರಟವನನ್ನು ಯಿಟ್ಸ್ಕೆ, "ಸಾಕು, ಇದು ಹಬ್ಬ ಅಲ್ಲ" ಎಂದು ತಡೆದಳು.

ವೆಗ್ಟರ್ ಅತ್ತ. ನಾಚಿಕೆಯಿಲ್ಲದೆ, ಮೂಗು ಸುರಿಸಿಕೊಂಡು ಅತ್ತ. ಆಮೇಲೆ ನಕ್ಕ. ಆಮೇಲೆ ಹಸಿವಾಗಿ, ಕಾಫಿಯ ಕೋಣೆಯಲ್ಲಿ ಉಳಿದಿದ್ದ ಇಟ್ಟಿಗೆಯಷ್ಟು ದಪ್ಪದ ಕೇಕಿನ ತುಂಡನ್ನು ತಂದು ನಿಂತಲ್ಲೇ ತಿಂದ. ಹಿಡಿಕೆ ಎತ್ತರಿಸಿದರೆ ಆಯಿತು, ಮೆತ್ತನೆಯ ಗವುಸು, ಆರು ತಿಂಗಳು ಬಸ್ಸು. ಮಾಂಸ ಮತ್ತೆ ತುಂಬಿಕೊಳ್ಳುತ್ತದೆ. ಜಗತ್ತು ಎಷ್ಟು ಒಳ್ಳೆಯದಿದೆ ಎಂದು ಅವನಿಗೆ ಅನಿಸಿತು. ಈ ಒಳ್ಳೆಯತನ ಸುಮಾರು ನಾಲ್ಕು ತುತ್ತು ಕೇಕಿನವರೆಗೆ ಬಾಳಿತು. ಐದನೆಯ ತುತ್ತಿನಲ್ಲಿ ಅವನ ಕಣ್ಣು ಬಾಗಿಲ ಹಿಂದಿನ ಕೋಟಿನ ಮೊಳೆಯ ಮೇಲೆ ಬಿತ್ತು. ಅಲ್ಲಿ ಒಂಬತ್ತು ವಾರದ ಹಿಂದೆ ಒಂದು ಕಿತ್ತಳೆ ಬಣ್ಣದ ಜಾಕೆಟ್ಟು ನೇತಾಡುತ್ತಿತ್ತು. ಅಂಚೆ ಹಂಚುವವರು ಹಾಕುವ ಜಾಕೆಟ್ಟು. ಡಿಸೆಂಬರ್ ತಿಂಗಳು, ಊರಿಗೆ ಊರೇ ಒಬ್ಬರಿಗೊಬ್ಬರು ಶುಭಾಶಯ ಪತ್ರ ಕಳಿಸುವ ಕಾಲ; ಸೈಕಲಿನ ಮುಂದೆ ಮೂಟೆಗಟ್ಟಲೆ ಕಾಗದ ಹೇರಿಕೊಂಡು, ಹಿಡಿಕೆಯನ್ನು ಎರಡೂ ಅಂಗೈಗಳಿಂದ ಅದುಮಿ ಹಿಡಿದು ದಿನಾ ಆರು ಗಂಟೆ ತುಳಿಯುವ ಹೆಂಗಸು. ಪರೀಕ್ಷೆಯ ಉದ್ದಕ್ಕೂ ಆ ಜಾಕೆಟ್ಟು ಅವನ ಕಣ್ಣೆದುರಿಗೇ ಇತ್ತು. ಡಾಕ್ಟ್ರೇ, ನಾನು ದಿನಾ...

ಅವನು ಯಿಟ್ಸ್ಕೆಯ ಮುಖ ನೋಡಿದ. ಅವಳು ಪಟ್ಟಿಗಳನ್ನು ಒರೆಸಿ ಡಬ್ಬಿಗೆ ಹಾಕುತ್ತಿದ್ದಳು. ಅವಳಿಗೆ ನೆನಪಿಲ್ಲದಿರಲಿ ಎಂದು ಅವನು ಹಾರೈಸಿದ. ಹಾರೈಸುವಾಗಲೇ ಅವನ ಬುದ್ಧಿ ಚುರುಕಾಗಿ ಓಡಲು ಶುರುಮಾಡಿತ್ತು. ಹೇಗೂ ಇನ್ನು ಮೂರು ವಾರಕ್ಕೆ ಹಿಲ್ಲಿ ಬೋಸ್ಕರ್ ಬರುತ್ತಾಳೆ. ಆಗ ಹೆಬ್ಬೆರಳಿನ ಕಡೆಯ ನರವನ್ನೂ ಅಳೆದು, 'ಮರುಪರೀಕ್ಷೆಯಲ್ಲಿ ಹೆಚ್ಚು ಸ್ಪಷ್ಟವಾದ ಚಿತ್ರ ಸಿಕ್ಕಿದೆ' ಎಂದು ಬರೆದರೆ ಅದೇನು ಸುಳ್ಳಲ್ಲ. ತಪ್ಪು ಎಂಬ ಮಾತೇ ಬೇಕಾಗುವುದಿಲ್ಲ. ಮೂರು ವಾರ ಅಂದರೆ ಎಷ್ಟು, ಇಪ್ಪತ್ತೊಂದು ದಿನ. ಹನ್ನೊಂದು ದಿನ ತಾನು ಹೇಗಿದ್ದೆ ಎಂದು ನೆನಪಾಗಿ ಅವನು ಉಳಿದ ಕೇಕನ್ನು ಕೆಳಗಿಟ್ಟ.

"ಬೋಸ್ಕರ್ ಅವ್ರ ನಂಬರ್ ಅಲ್ಲಿ ಬರ್ದಿಟ್ಟಿದ್ದೀನಿ" ಎಂದಳು ಯಿಟ್ಸ್ಕೆ, ಅವನ ಕಡೆ ತಿರುಗದೆ. "ನೀನು ಅಳ್ತಿದ್ದಾಗ್ಲೇ ಹುಡುಕಿದೆ. ಅವತ್ತು ಕಿರುಬೆರಳಷ್ಟೇ ಅಳೆದು ನಿನ್ ಕೈಗೆ ಕೊಟ್ಟೋಳು ನಾನೇ. ನೀನು ಕೇಳ್ಲಿಲ್ಲ, ನಾನೂ ಬಾಯಿ ಬಿಡ್ಲಿಲ್ಲ. ನೀನ್ ಮಾಡ್ತೀಯೋ, ನಾನ್ ಮಾಡ್ಲೋ?"

ಅವನು ಫೋನಿಗೆ ಬಲಗೈಯನ್ನೇ ಚಾಚಿದ. ನಾಲ್ಕು ಸಲ ಗಂಟೆಯಾಯಿತು. ಎತ್ತದಿರಲಿ ಎಂದುಕೊಳ್ಳುವಷ್ಟರಲ್ಲಿ ಎತ್ತಿದಳು.

"ಬೋಸ್ಕರ್ ಅವ್ರೇ, ನಾನು ಡಾಕ್ಟರ್ ವೆಗ್ಟರ್. ಒಂದು ಪ್ರಶ್ನೆ ಕೇಳ್ಬೇಕಿತ್ತು. ನೀವು... ನೀವು ಸೈಕಲ್ ತುಳಿತೀರಾ?"



"ಡಾಕ್ಟ್ರೇ, ನಾನು ಅಂಚೆ ಹಂಚೋಳು. ಇಪ್ಪತ್ತಾರು ವರ್ಷ ಆಯ್ತು. ಅವತ್ತು ಅದನ್ನೇ ಹೇಳೋಕೆ ಬಂದೆ, ನೀವು ಬಾಯಿ ಮುಚ್ಚಿ ಅಂದ್ರಿ."

"ಬಾಯಿ ಮುಚ್ಚಿ ಅನ್ಲಿಲ್ಲ, ಸಿಗ್ನಲ್..." ಎಂದು ಶುರುಮಾಡಿದವನು ಅಲ್ಲಿಗೇ ನಿಲ್ಲಿಸಿದ. "ಹೌದು. ಅಂದೆ. ಈಗ್ಲೂ ತುಳಿತೀರಾ?"

"ನೀವು ಹಾಗ್ ಹೇಳಿದ್ ಮೇಲೆ ಇನ್ನೇನ್ ತುಳಿಯೋದು? ಬಿಟ್ಟೆ. ಮನೇಲೇ ಇದ್ದೀನಿ. ಒಂದ್ ವಿಷ್ಯ ಕೇಳ್ಲಾ? ಮೊನ್ನೆ ಉಪ್ಪಿನಕಾಯಿ ಬಾಟ್ಲಿ ಮುಚ್ಚಳ ನಾನೇ ತೆಗೆದೆ. ನವೆಂಬರಲ್ಲಿ ಆಗ್ತಿರ್ಲಿಲ್ಲ. ಕೈಗೆ ಬಲ ಬಂತಾ ಅನ್ಸ್ತು. ಆಮೇಲೆ ಅಂದ್ಕೊಂಡೆ, ಡಾಕ್ಟ್ರು ಹೇಳಿದ್ದಾರಲ್ಲ, ಅಷ್ಟ್ ಓದಿರೋರು, ನನ್ ಕೈಗೇನ್ ಗೊತ್ತು ಅಂತ."

ಅವನು ಹೇಳಿದ. ಮೊದಲ ಸಲ ಒಂದು ವರದಿಯನ್ನು ಅಡ್ಡಮಾತಿಲ್ಲದೆ ಹೇಳಿದ: ನಾನು ತಪ್ಪು ಮಾಡಿದೆ, ಕೇಳಬೇಕಾದ್ದನ್ನು ಕೇಳಲಿಲ್ಲ, ಅಳೆಯಬೇಕಾದ್ದನ್ನು ಅಳೆಯಲಿಲ್ಲ, ಇದು ಹಿಡಿಕೆ ಒತ್ತಿ ಆಗಿರುವ ನರದ ತೊಂದರೆ, ನಾಳೆ ಎಂಟಕ್ಕೇ ಬನ್ನಿ, ಅಳೆದು ಕಣ್ಣಾರೆ ತೋರಿಸುತ್ತೇನೆ. ತನ್ನ ಕೈಯ ವಿಷಯ ಮಾತ್ರ ಹೇಳಲಿಲ್ಲ. ಹೇಳಿದರೆ ಅವಳು ಅಯ್ಯೋ ಪಾಪ ಅಂದುಬಿಡಬಹುದು, ಅದನ್ನು ಗಿಟ್ಟಿಸಿಕೊಳ್ಳುವ ಧೈರ್ಯ ಅವನಿಗಿರಲಿಲ್ಲ. ಮುಗಿದ ಮೇಲೆ ಆ ಕಡೆಯಿಂದ ಅಳು ಬರುತ್ತದೆ, ಬೈಗುಳ ಬರುತ್ತದೆ ಎಂದು ಕಾದ. ಬರಲಿಲ್ಲ.

"ನಾಯಿ ಕೊಟ್ಬಿಟ್ಟೆ ಡಾಕ್ಟ್ರೇ" ಎಂದಳು ಹಿಲ್ಲಿ ಬೋಸ್ಕರ್. "ಒಂಬತ್ ವರ್ಷದ್ದು. ಮುಂದೆ ಹಗ್ಗ ಹಿಡಿಯೋಕಾಗಲ್ವಲ್ಲ, ಆಗ ಕೊಡೋಕಿಂತ ಈಗ್ಲೇ ಒಗ್ಗಿಕೊಳ್ಲಿ ಅಂತ, ಆಸೆನ್‌ನಲ್ಲಿ ನಮ್ಮಕ್ಕನ ಮನೇಲಿ ಬಿಟ್ಬಂದೆ. ಈಗ ವಾಪಸ್ ಕೇಳ್ಬೋದಾ?"

ಇಪ್ಪತ್ತೆರಡು ವರ್ಷದ ಅಭ್ಯಾಸ ಅವನ ನಾಲಿಗೆಯ ತುದಿಗೆ ಬಂತು: ಮರುಪರೀಕ್ಷೆ ಆಗದೆ ಖಚಿತವಾಗಿ... ಬೇರೆ ಸಾಧ್ಯತೆಗಳನ್ನು ಈ ಹಂತದಲ್ಲಿ... ಅವನು ಅದನ್ನು ನುಂಗಿದ.

"ಕೇಳಿ. ಇವತ್ತೇ ಹೋಗಿ ಕರ್ಕೊಂಡ್ ಬನ್ನಿ."

"ಬರ್ತೀನಿ" ಎಂದಳು. ಆಮೇಲೆ ಉಸಿರೆಳೆದುಕೊಂಡ ಸದ್ದಾಯಿತು. ಅವಳ ದನಿ ಒಮ್ಮೆಲೇ ಗಟ್ಟಿಯಾಯಿತು. "ನಾಳೆ ಎಂಟಕ್ಕೆ ಅಲ್ಲಿರ್ತೀನಿ, ಬಸ್ಸಲ್ಲಿ. ನೀವು ಸೂಜಿ ಚುಚ್ಚುವಾಗ ನಾನು ಮಾತಾಡ್ತಾನೇ ಇರ್ತೀನಿ ಡಾಕ್ಟ್ರೇ, ಶುರುವಿಂದ ಕೊನೇವರ್ಗೂ. ಸಿಗ್ನಲ್ ಕೆಟ್ರೆ ಕೆಡ್ಲಿ."

"ಕೆಡ್ಲಿ" ಎಂದ ವೆಗ್ಟರ್.